ಚೆಕ್ಕುಬಂದಿ ಬಿಟ್ಟುಹೋದದ್ದಕ್ಕೆ ಮಗಳಿಗೊಂದು ಪತ್ರ

ಪುಟ್ಟಿ,

ಮೊನ್ನೆ ಫೋನಿನಲ್ಲಿ ಶೀತ ಅಂದೆ. ನೀನು ಅತ್ತಿದ್ದೆ ಅಂತ ಗೊತ್ತಾದರೂ ನಾನು ಸುಮ್ನೆ ಹೂಂ ಅಂದೆ. ನೀನು ಬರೆದ ದಾವೆಯಲ್ಲಿ ಜಮೀನಿನ ವಿವರ ಕೊಡುವ ಷೆಡ್ಯೂಲಿನಲ್ಲಿ ಉತ್ತರದ ಚೆಕ್ಕುಬಂದಿಯೇ, ಅಂದರೆ ಆ ಕಡೆಯ ಗಡಿಯೇ ಬಿಟ್ಟುಹೋಗಿ, ಕೋರ್ಟಿನ ಆಫೀಸಿನವರು ಆಬ್ಜೆಕ್ಷನ್ ಹಾಕಿ ವಾಪಸ್ ಕೊಟ್ಟರು. ಸೀನಿಯರ್ ಬೈದರು. ಅಷ್ಟೇ ತಾನೆ? ಕೋರ್ಟಿನ ಮುಂದೆ ಮೂವತ್ತು ವರ್ಷ ಟೈಪ್ ಮಾಡಿದವನು ನಾನು. ದೊಡ್ಡ ದೊಡ್ಡ ವಕೀಲರ ತಪ್ಪುಗಳೆಲ್ಲ ಈ ಬೆರಳುಗಳಿಗೆ ಗೊತ್ತು.

ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಇದ್ದನಲ್ಲ, ಅವನೂ ಮೊದಲು ವಕೀಲನೇ. ಹುಟ್ಟಿದ್ದು 1735ರಲ್ಲಿ, ಮ್ಯಾಸಚೂಸೆಟ್ಸ್‌ನ ಬ್ರೇನ್‌ಟ್ರೀ ಎಂಬ ಊರಲ್ಲಿ. ಅಪ್ಪ ಬೇಸಾಯದ ಜೊತೆ ಬೂಟು ಹೊಲಿಯುತ್ತಿದ್ದ. ಮಗ ಹಾರ್ವರ್ಡ್‌ನಲ್ಲಿ ಓದಿ, ಮೇಷ್ಟರಾಗಿ ದುಡಿಯುತ್ತಲೇ ಒಬ್ಬ ವಕೀಲರ ಹತ್ತಿರ ಕಾನೂನು ಕಲಿತ. 1758ರಲ್ಲಿ ಸನ್ನದು ಸಿಕ್ಕಿತು.

ಮೊದಲ ಕೇಸು ಏನು ಗೊತ್ತಾ? ಎರಡು ಕುದುರೆ. ಒಬ್ಬನ ಕುದುರೆಗಳು ಪಕ್ಕದವನ ಜಮೀನಿಗೆ ನುಗ್ಗಿದವು. ನಷ್ಟ ಕಟ್ಟಿಕೊಡದೆ ಕುದುರೆಯವನು ಅವುಗಳನ್ನು ಹೊಡೆದುಕೊಂಡು ಹೋದ. ನಮ್ಮಲ್ಲಿ ದೊಡ್ಡಿಗೆ ಹಾಕುವ ದನದ ತಗಾದೆ ಇರುತ್ತಲ್ಲ, ಹಾಗೇ. ಜಮೀನಿನವನ ಪರ ಆಡಮ್ಸ್ ಬರೆದ ರಿಟ್‌ನಲ್ಲಿ, ಅಂದರೆ ಕೇಸು ಶುರುಮಾಡುವ ಕೋರ್ಟಿನ ಆದೇಶಪತ್ರದಲ್ಲಿ, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಅನ್ನುವ ಮಾತೇ ಬಿಟ್ಟುಹೋಗಿತ್ತು. ಕೇಸು ಬಿದ್ದುಹೋಯಿತು! ಮನೆಗೆ ಬಂದು ಡೈರಿಯಲ್ಲಿ ಗೋಳಾಡಿಕೊಂಡ. ಬರೆಯೋಕೆ ಬರಲ್ಲ ಅಂದುಕೊಂಡಾರು ಎಂಬ ಹೆದರಿಕೆಗೆ, ಅಮ್ಮನ ಮೂದಲಿಕೆಗೆ ಈ ಕೇಸು ಹಿಡಿದೆ ಅಂತ. ನೀನೂ ಅಮ್ಮನ ಮೇಲೇ ಹಾಕಿದೆಯೇನು?

ಹನ್ನೆರಡು ವರ್ಷದ ನಂತರ ಇದೇ ಮನುಷ್ಯನ ಮುಂದೆ ಬೇರೆಯೇ ಕೇಸು ಬಂತು. 1770ರ ಮಾರ್ಚ್ 5ರ ರಾತ್ರಿ, ಆಗಿನ್ನೂ ಬ್ರಿಟಿಷರ ಕೈಯಲ್ಲಿದ್ದ ಬಾಸ್ಟನ್ ಊರಿನ ಬೀದಿಯಲ್ಲಿ ಬ್ರಿಟಿಷ್ ಸೈನಿಕರು ಗುಂಪಿನ ಮೇಲೆ ಗುಂಡು ಹಾರಿಸಿದರು. ಐದು ಜನ ಸತ್ತರು. ಊರಿಗೆ ಊರೇ ಕುದಿಯುತ್ತಿತ್ತು. ಮಾರನೇ ದಿನ ಒಬ್ಬ ವ್ಯಾಪಾರಿ ಕಣ್ಣೀರು ಸುರಿಸುತ್ತಾ ಆಡಮ್ಸ್ ಆಫೀಸಿಗೆ ಬಂದ. ಸೈನಿಕರ ಪರ ನಿಲ್ಲೋಕೆ ಬೇರೆ ವಕೀಲರು ಹಿಂದೇಟು ಹಾಕುತ್ತಿದ್ದರು. ಆಡಮ್ಸ್ ಒಪ್ಪಿಕೊಂಡ. ಕೈಗೆ ಬಂದ ಮುಂಗಡ ಒಂದು ಗಿನಿ, ಅಂದರೆ ಒಂದೇ ಒಂದು ಇಂಗ್ಲಿಷ್ ಚಿನ್ನದ ನಾಣ್ಯ.

ತೆರಿಗೆ ವಿಷಯದಲ್ಲಿ ಅವನೇ ಬ್ರಿಟಿಷರ ವಿರುದ್ಧ ಬರೆದವನು, ನೆನಪಿಟ್ಟುಕೋ. ಸೈನಿಕರ ಕ್ಯಾಪ್ಟನ್ ಬಿಡುಗಡೆಯಾದ. ಎಂಟು ಸೈನಿಕರಲ್ಲಿ ಆರು ಜನ ನಿರ್ದೋಷಿಗಳು ಎಂದಾಯಿತು. ಇಬ್ಬರಿಗೆ ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಗುಂಪನ್ನು ಬೈಯುವಾಗ ಮಾತ್ರ ಅವನು ಕರಿಯರು, ಐರಿಷರು ಅಂತೆಲ್ಲ ಕೀಳಾಗಿ ಮಾತಾಡಿದ. ವಾದ ಗೆಲ್ಲೋಕೆ ಅದು ಬೇಕಿರಲಿಲ್ಲ ಅಂತ ನನಗನಿಸುತ್ತದೆ. ವಿಚಿತ್ರ ಅಂದರೆ, ಜನ ಸಿಟ್ಟಾಗಿದ್ದ ಅದೇ ವರ್ಷ ಬಾಸ್ಟನ್ ಅವನನ್ನು ಶಾಸನಸಭೆಗೆ ಆರಿಸಿತು. ಅಲ್ಲಿಂದ ರಾಜಕೀಯ. 1774ರಲ್ಲಿ ಅಮೆರಿಕದ ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್, ಮುಂದೆ ಪ್ಯಾರಿಸ್, ಹಾಲೆಂಡ್, ಲಂಡನ್‌ನಲ್ಲಿ ರಾಯಭಾರ, ಎಂಟು ವರ್ಷ ಉಪಾಧ್ಯಕ್ಷ, 1797ರಿಂದ ಅಧ್ಯಕ್ಷ.

ಇದನ್ನೆಲ್ಲ ಓದಿ ಹೇಳಿದಾಗ ನಿಮ್ಮಮ್ಮ ಕೇಳಿದ್ದು ಒಂದೇ: "ಅವನ ಹೆಂಡತಿ ಏನು ಮಾಡ್ತಿದ್ದಳು?" ಅಬಿಗೈಲ್ ಮನೆ, ಮಕ್ಕಳು, ಜಮೀನು ಎಲ್ಲ ಒಬ್ಬಳೇ ನೋಡಿಕೊಂಡಳು. 1776ರ ಮಾರ್ಚ್‌ನಲ್ಲಿ ಗಂಡನಿಗೆ ಬರೆದಳು, ಹೊಸ ಕಾನೂನು ಮಾಡುವಾಗ ಹೆಂಗಸರನ್ನೂ ನೆನಪಿಟ್ಟುಕೊಳ್ಳಿ ಅಂತ. ಅವನು ಉತ್ತರದಲ್ಲಿ ನಗು ಬರುತ್ತದೆ ಎಂದ. ಅಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದವಳು ತಲೆಯನ್ನೂ ಎತ್ತದೆ, "ಸೈನಿಕರಿಗೆ ವಾದ ಮಾಡೋಕೆ ಬಂತು, ಹೆಂಡತಿಗೆ ಬರಲಿಲ್ಲ" ಎಂದಳು.

ಅವಳ ಮಾತು ಸುಳ್ಳಲ್ಲ. 1798ರಲ್ಲಿ ಸರ್ಕಾರವನ್ನು ಟೀಕಿಸಿ ಬರೆದವರನ್ನು ಜೈಲಿಗೆ ಹಾಕುವ ಕಾಯ್ದೆಗೆ ಸಹಿ ಹಾಕಿದವನೂ ಇದೇ ಆಡಮ್ಸ್. ಮ್ಯಾಥ್ಯೂ ಲಯನ್ ಎಂಬ ಸಂಸದ ಹಾಗೆ ಜೈಲಿಗೆ ಹೋದ. ಅಲ್ಲಿದ್ದುಕೊಂಡೇ ಚುನಾವಣೆ ಗೆದ್ದ! ಆಡಮ್ಸ್ 1800ರಲ್ಲಿ ಸೋತ. ಗೆದ್ದ ಜೆಫರ್ಸನ್‌ನ ಪ್ರಮಾಣವಚನದ ದಿನ ಬೆಳಕು ಹರಿಯುವ ಮೊದಲೇ ವಾಷಿಂಗ್ಟನ್ ಬಿಟ್ಟು ಹೊರಟ.

ಸೋಮವಾರ ಷೆಡ್ಯೂಲ್ ತಿದ್ದಿ ಮತ್ತೆ ಹಾಕ್ತೀಯಲ್ವಾ? ಮೊದಲು ನನಗೆ ವಾಟ್ಸಾಪ್ ಮಾಡು. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಒಂದೊಂದಾಗಿ ಗಟ್ಟಿಯಾಗಿ ಓದುತ್ತೇನೆ, ನೀನು ಪಹಣಿ ಹಿಡಿದು ಕೂತಿರು. ಚಟ್ನಿಪುಡಿ ಬಸ್ಸಿಗೆ ಹಾಕಿದ್ದೇನೆ.

ನಿನ್ನ
ಅಪ್ಪ