ಕಲ್ಬಾನಿಗೆ ಸಿಮೆಂಟ್ ಬೇಡ, ಬಣ್ಣವೂ ಬೇಡ

ಮಾನ್ಯರೇ,

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ರಸ್ತೆ ಅಗಲ ಮಾಡುವಾಗ ಬಾವಿಕಟ್ಟೆ ಪಕ್ಕದ ಹಳೆಯ ಕಲ್ಬಾನಿಗಳು, ಅಂದರೆ ಕಲ್ಲಿನ ನೀರುತೊಟ್ಟಿಗಳು, ಜೆಸಿಬಿ ಬಾಯಿಗೆ ಬೀಳುತ್ತಿವೆ. ಕೆಲವು ತೋಟದ ಮನೆಗಳ ಹೂಕುಂಡವಾದರೆ, ಉಳಿದವಕ್ಕೆ ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟ್ ಮೆತ್ತಿ ಎನಾಮೆಲ್ ಬಣ್ಣ ಬಳಿಯುತ್ತಾರೆ. ಇಂಗ್ಲೆಂಡಿನ ಹಳ್ಳಿ ಚರ್ಚುಗಳ ದೀಕ್ಷಾಸ್ನಾನದ (ಕ್ರೈಸ್ತ ಧರ್ಮಕ್ಕೆ ಸೇರಿಸುವಾಗ ಮಾಡಿಸುವ ಸ್ನಾನ) ಕಲ್ಲುಬಾನಿಗಳೂ ಇಂಥದೇ ಪಾಡು ಪಟ್ಟವು. 1640ರ ದಶಕದ ಅಂತರ್ಯುದ್ಧದ ಕಾಲದಲ್ಲಿ ಚರ್ಚಿನ ಹಳೆಯ ಆಚರಣೆಗಳನ್ನು ಒಪ್ಪದ ಪ್ಯೂರಿಟನ್ ಪಂಥದವರು ಎಷ್ಟೋ ಬಾನಿಗಳನ್ನು ಕಿತ್ತುಹಾಕಿದರು. ಅವು ದನ ನೀರು ಕುಡಿಯುವ ತೊಟ್ಟಿಗಳಾದವು, ತೋಟದಲ್ಲಿ ಬಿದ್ದವು. 1660ರಲ್ಲಿ ರಾಜನ ಆಳ್ವಿಕೆ ಮರಳಿದ ನಂತರ ಕೆಲವು ಚರ್ಚಿಗೆ ಮರಳಿದವು, ಆದರೆ ಪೆಟ್ಟು ತಿಂದು.

ಆ ಬಾನಿಗಳು ಹೆಚ್ಚಾಗಿ ಸುಣ್ಣಕಲ್ಲು ಅಥವಾ ಮರಳುಗಲ್ಲಿನವು, ನೀರು ಹೀರುತ್ತವೆ. ಅದಕ್ಕೇ ಒಳಗೆ ಸೀಸದ ತಗಡು ಹೊದಿಸಿ, ನಡುವೆ ತೂತು ಬಿಟ್ಟು, ನೀರು ನೇರ ಮಣ್ಣಿಗೆ ಇಳಿಯುವಂತೆ ಮಾಡುತ್ತಿದ್ದರು. ತಗಡು ಹರಿದರೆ ನೀರು ಕಲ್ಲಿಗೆ ಇಳಿಯುತ್ತದೆ, ಆರುವಾಗ ಉಪ್ಪು ಹರಳುಗಟ್ಟಿ ಮೇಲ್ಮೈ ಪುಡಿಯಾಗುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಕೇಡು ಇನ್ನೂ ಹೆಚ್ಚು. ಸಿಮೆಂಟಿನ ಮೂಲಕ ಹೊರಬರಲಾಗದ ತೇವ ಕೆತ್ತನೆಯ ಮುಖದಿಂದಲೇ ಆರುತ್ತದೆ, ಮುಖವೇ ಉದುರುತ್ತದೆ.

ಕಬ್ಬಿಣದ್ದು ಇನ್ನೊಂದು ಕಾಟ. ಮಂತ್ರಿಸಿದ ನೀರನ್ನು ಮಾಟಕ್ಕೆ ಕದಿಯುತ್ತಾರೆಂದು ಬಾನಿಗೆ ಮುಚ್ಚಳ, ಬೀಗ ಇರಬೇಕೆಂದು 1236ರಲ್ಲಿ ಇಂಗ್ಲೆಂಡಿನ ಚರ್ಚಿನ ಹಿರಿಯ ಗುರು, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಎಡ್ಮಂಡ್ ವಿಧಿಸಿದರು. ಬೀಗಕ್ಕೆಂದು ಅಂಚಿಗೆ ಬಡಿದ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬಿದಾಗ, ಕಿತ್ತಾಗ ಅಂಚು ಸೀಳುತ್ತದೆ. ಹಳೆಯ ಬಾನಿಗಳ ಅಂಚಿನಲ್ಲಿ ಆ ಗಾಯ ಇಂದಿಗೂ ಕಾಣುತ್ತದೆ. ನಮ್ಮ ಕಲ್ಬಾನಿಗೂ ಕೊಳವೆ ಹಿಡಿಸಲು ಕಬ್ಬಿಣದ ಕ್ಲಾಂಪು ಬಡಿಯಬಾರದು.

ನಮ್ಮ ಕಣಶಿಲೆ (ಗ್ರಾನೈಟ್) ಅಷ್ಟು ನೀರು ಹೀರುವುದಿಲ್ಲ, ನಿಜ. ಹಾಗೆಂದು ಆಸಿಡ್ ಹಾಕಿ ತೊಳೆಯಬಹುದು ಎಂದಲ್ಲ. ಕಲ್ಲಿನೊಳಗಿನ ಕಬ್ಬಿಣದ ಅಂಶ ಹಳದಿ ಕಲೆಯಾಗಿ ಎದ್ದುಬರುತ್ತದೆ. ತಂತಿ ಬ್ರಷ್ಷಿನ ಚೂರು ಸಿಕ್ಕಿಕೊಂಡು ತುಕ್ಕಾಗುತ್ತದೆ. ಬರೀ ನೀರು, ತೆಂಗಿನ ನಾರು ಸಾಕು. ತೂತಿನ ಸುತ್ತ ಸಂದು ಬಿಟ್ಟಿದ್ದರೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಸಣ್ಣ ಮರಳಿನ ಗಾರೆ ತುಂಬಿ, ಒಂದು ವಾರ ಒದ್ದೆ ಗೋಣಿ ಹೊದಿಸಬೇಕು.

ಎತ್ತುವುದರಲ್ಲೇ ಹೆಚ್ಚು ಬಾನಿಗಳು ಒಡೆಯುವುದು. ಕಣಶಿಲೆ ಒಂದು ಘನ ಅಡಿಗೆ ಸುಮಾರು 75 ಕೆ.ಜಿ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಬಾನಿ, ಒಳಗಿನ ಗುಳಿ ಕಳೆದರೂ, ಸುಮಾರು 600 ಕೆ.ಜಿ. ತೂಗೀತು. ಅಂಚಿಗೆ ಹಗ್ಗ ಹಾಕಿದರೆ, ಜೆಸಿಬಿ ಬಕೆಟ್ಟಿನ ಹಲ್ಲು ತಾಕಿಸಿದರೆ ಮೂಲೆ ಹೋಯಿತು. ಸುತ್ತ ಮಣ್ಣು ಬಿಡಿಸಿ, ತಳದಡಿ ಎರಡು ಅಗಲದ ಕ್ಯಾನ್ವಾಸ್ ಪಟ್ಟಿ ತೂರಿಸಿ, ಮೂಲೆಗಳಿಗೆ ಗೋಣಿ ಸುತ್ತಿ ಎತ್ತಬೇಕು. ಅದಕ್ಕೂ ಮೊದಲು ಅಳತೆ, ನಾಲ್ಕೂ ಬದಿಯ ಚಿತ್ರ, ಯಾವ ಬಾವಿಯ ಪಕ್ಕ ಯಾವ ದಿಕ್ಕಿಗಿತ್ತು ಎಂಬುದು ಪಂಚಾಯಿತಿ ಪುಸ್ತಕಕ್ಕೆ ಸೇರಲಿ.

ಎಲ್ಲಕ್ಕಿಂತ ಮೊದಲು ಅಕ್ಷರವಿದೆಯೇ ನೋಡಿ. ಇಂಗ್ಲೆಂಡಿನ ಕಂಬ್ರಿಯಾದ ಬ್ರೈಡ್‌ಕರ್ಕ್ ಚರ್ಚಿನ 12ನೇ ಶತಮಾನದ ಬಾನಿಯಲ್ಲಿ ಕೆತ್ತಿದವನ ಹೆಸರು ರಿಕಾರ್ತ್ ಎಂದು ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿದೆ. ಅಂಥದರ ಮೇಲೆ ಎರಡು ಕೋಟು ಎನಾಮೆಲ್ ಬಿದ್ದರೆ ಹೆಸರೇ ಮುಚ್ಚಿಹೋಗುತ್ತದೆ. ಈಗಾಗಲೇ ಬಣ್ಣ ಬಿದ್ದಿದ್ದರೆ ಮರಳು ಊದಿಸುವುದಾಗಲಿ ಉಳಿಯಿಂದ ಕೆರೆಯುವುದಾಗಲಿ ಬೇಡ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಬಲ್ಲ ಶಿಲ್ಪಿಗಳಿದ್ದಾರೆ. ಗುತ್ತಿಗೆದಾರರಿಗೆ ಬಿಲ್ಲು ಬರೆಯುವ ಮುನ್ನ ಪಂಚಾಯಿತಿಯವರು ಅವರಲ್ಲೊಬ್ಬರನ್ನು ಕರೆದು ತೋರಿಸಲಿ.

– ಕಲ್ಲುಕೆಲಸದ ಆಸಕ್ತರು, ಕೋಲಾರ