ಮಳೆ ನಿಲ್ಲುವ ಮುಂಚೆ ಮಕ್ಕಳನ್ನು ಜೋಗಿಮಟ್ಟಿಗೆ ಕರೆದೊಯ್ಯಬೇಕು, ಬಸ್ಸಿಗೆ ನೆರವಾಗಿ

ಚಿತ್ರದುರ್ಗದ ಬಂಧುಗಳಿಗೆ, ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳಿಗೆ ನಮಸ್ಕಾರ.

ನಾನು ಇಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ವಿಜ್ಞಾನ ಟೀಚರ್. ನೇರವಾಗಿಯೇ ಕೇಳುತ್ತೇನೆ. 7ನೇ ತರಗತಿಯ 46 ಮಕ್ಕಳನ್ನು ಈ ಮಳೆಗಾಲದಲ್ಲೇ ಜೋಗಿಮಟ್ಟಿ ಕಾಡಿಗೆ, ಆಮೇಲೆ ವಾಣಿವಿಲಾಸ ಸಾಗರ ಅಣೆಕಟ್ಟಿಗೆ ಕರೆದುಕೊಂಡು ಹೋಗಬೇಕು. ಅದಕ್ಕೆ 18,000 ರೂಪಾಯಿ ಬೇಕಾಗಿದೆ.

ಪ್ರವಾಸ ಅಂದರೆ ಸುಮ್ನೆ ಸುತ್ತಾಡೋದಲ್ವಾ ಅಂತ ಕೆಲವರು ಕೇಳಿದರು. ಹೋದ ವರ್ಷದ ಒಂದು ದಿನದ ಕಥೆ ಹೇಳಿಬಿಡುತ್ತೇನೆ. ರಾತ್ರಿಯೆಲ್ಲಾ ಮಳೆ ಹುಯ್ದಿತ್ತು. ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೋಟೆಗೆ ನಡೆದೇ ಹೋದೆವು. ಒನಕೆ ಓಬವ್ವನ ಕಿಂಡಿ ಎಲ್ಲರಿಗೂ ಗೊತ್ತು, ಆದರೆ ಆ ಬಂಡೆಗಳ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತೆ ಅಂತ ಒಬ್ಬರೂ ಯೋಚನೆ ಮಾಡಿರಲಿಲ್ಲ. ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಇಳಿದು ಸಿಹಿನೀರು ಹೊಂಡ, ಕೊನೆಗೆ ಪೇಟೆಯಲ್ಲಿರುವ ಸಂತೆಹೊಂಡ. ನಾಯಕರ ಕಾಲದವರು ಒಂದು ಹನಿಯನ್ನೂ ಸುಮ್ಮನೆ ಹರಿಯಲು ಬಿಟ್ಟಿರಲಿಲ್ಲ. ಒಬ್ಬ ಹುಡುಗಿ ಹರಿಯುವ ನೀರಿಗೆ ಹೊಂಗೆ ಎಲೆ ಹಾಕಿ ಅದರ ಜೊತೆಗೇ ಓಡಿದಳು. ಎಲೆ ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ಬಗ್ಗಿ ಬಿಡಿಸಿ, ಮತ್ತೆ ತೇಲಿಬಿಟ್ಟು, ಮತ್ತೆ ಓಡಿದಳು. ಮನೆಗೆ ನೀರು ಬಿಡುವ ದಿನ ಕೊಡ ಹಿಡಿದು ನಿಂತು, ಶಾಲೆಗೆ ತಡವಾಗಿ ಬರುವ ಹುಡುಗಿ ಅವಳು.

ಜೋಗಿಮಟ್ಟಿಗೆ ಮಾತ್ರ ಹೋಗಲಾಗಲಿಲ್ಲ. ಬಸ್ಸಿನ ದುಡ್ಡು ಕೂಡುವಷ್ಟರಲ್ಲಿ ಡಿಸೆಂಬರ್ ಬಂದಿತ್ತು, ಹಳ್ಳ ಒಣಗಿತ್ತು. ಒಣಗಿದ ಹಳ್ಳ ತೋರಿಸಿ ಕಾಡು ನೀರು ಹಿಡಿದಿಡುತ್ತೆ ಅಂತ ಹೇಗೆ ಹೇಳಲಿ? ಹಾಗಾಗಿ ಶಾಲೆಯ ಅಂಗಳದಲ್ಲೇ ಒಂದು ಪ್ರಯೋಗ ಮಾಡಿದೆವು. ಬೋಳು ನೆಲದ ಮೇಲೆ ಒಂದು ಚೊಂಬು ನೀರು ಸುರಿದೆವು, ಮಣ್ಣು ಎಳೆದುಕೊಂಡು ಕೆಂಪಗೆ ಹರಿದುಹೋಯಿತು. ಅಷ್ಟೇ ನೀರನ್ನು ಬೇವಿನ ಮರದ ಕೆಳಗೆ, ತರಗೆಲೆ ಬಿದ್ದ ಕಡೆ ಸುರಿದೆವು. ನೋಡನೋಡುತ್ತಲೇ ನೆಲ ಕುಡಿದುಬಿಟ್ಟಿತು. ಇದನ್ನೇ ಒಂದಿಡೀ ಗುಡ್ಡದಲ್ಲಿ ನೋಡಿದರೆ ಹೇಗಿರುತ್ತೆ! ಜೋಗಿಮಟ್ಟಿ ನಮ್ಮ ಊರಿಗೆ ಅಂಟಿಕೊಂಡೇ ಇರುವ ಕಾಡು. ನವಿಲು, ಕರಡಿ, ಚಿರತೆ ಎಲ್ಲಾ ಇವೆ, 2015ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆಯೂ ಆಗಿದೆ. ಆದರೆ ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಅದನ್ನು ದೂರದಿಂದ, ಗಾಳಿಯಂತ್ರ ತಿರುಗುವ ಗುಡ್ಡವಾಗಿ ಮಾತ್ರ ನೋಡಿದ್ದಾರೆ.

ವಾಣಿವಿಲಾಸ ಸಾಗರ ಯಾಕೆ ಅಂದರೆ, ನಮ್ಮ ಊರಿನ ನಲ್ಲಿಗೆ ಅಲ್ಲಿಂದಲೂ ನೀರು ಬರುತ್ತೆ, ಸೂಳೆಕೆರೆಯಿಂದಲೂ ಬರುತ್ತೆ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟು 1933ರಲ್ಲಿ ಕೋಡಿ ಬಿತ್ತು, ಆಮೇಲೆ ಕೋಡಿ ಬಿದ್ದಿದ್ದು 2022ರಲ್ಲಿ. ಪಾಠದಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ, "ಮಿಸ್, 89 ವರ್ಷ ಯಾಕೆ ತುಂಬಲಿಲ್ಲ?" ಅಂದ. ಮಳೆ, ವೇದಾವತಿ ಹೊಳೆ, ಮೇಲಿನ ಕೆರೆಗಳು, ಈಚೆಗೆ ಬಂದ ಭದ್ರಾ ನೀರು, ಇದೆಲ್ಲಾ ಬೋರ್ಡಿನ ಮೇಲೆ ಬರೆದೆ. ಅವನಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಕಟ್ಟೆಯ ಮೇಲೆ ನಿಂತು ಆ ನೀರನ್ನು, ಅದು ಬರುವ ದಿಕ್ಕನ್ನು ನೋಡಿಕೊಂಡೇ ಹೇಳಬೇಕಾದ ಉತ್ತರ ಅದು.

ಇನ್ನು ಲೆಕ್ಕ. ಎರಡು ದಿನದ ಬಸ್ಸಿಗೆ 22,000, ನೋಟ್‌ಬುಕ್, ಭೂತಗನ್ನಡಿ, ಒಂದು ಮಳೆಮಾಪಕಕ್ಕೆ 3,000. ನಾವು ಶಿಕ್ಷಕರು ಸೇರಿ 7,000 ಹಾಕಿದ್ದೇವೆ. ಬಿಸಿಯೂಟದ ಅಮ್ಮಂದಿರು ಎರಡೂ ದಿನ ಚಿತ್ರಾನ್ನ ಕಟ್ಟಿಕೊಡುತ್ತೇವೆ ಅಂದಿದ್ದಾರೆ, ಹಾಗಾಗಿ ಊಟದ ಖರ್ಚಿಲ್ಲ. ಕೋಟೆಗೆ ಈ ಸಲವೂ ನಡೆದೇ ಹೋಗುತ್ತೇವೆ. ಮಕ್ಕಳಿಂದ ಒಂದು ರೂಪಾಯಿಯನ್ನೂ ಕೇಳುವುದಿಲ್ಲ, ಕೇಳಿದರೆ ಆ ಕೊಡ ಹಿಡಿದು ನಿಲ್ಲುವಂಥ ಮಕ್ಕಳೇ ಮೊದಲು ಹಿಂದೆ ಉಳಿಯುತ್ತಾರೆ.

ನೂರು ರೂಪಾಯಿ ಆದರೂ ಕೊಡಿ, ಸಂಕೋಚ ಬೇಡ. ಶಾಲೆಯ ಆಫೀಸಿನಲ್ಲಿ ಕೊಟ್ಟರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ರಸೀದಿ ಕೈಗೆ ಸಿಗುತ್ತೆ. ಖರ್ಚಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ದುಡ್ಡು ಉಳಿದರೆ ಅದು 6ನೇ ತರಗತಿಯವರ ಪ್ರವಾಸಕ್ಕೆ. ಸ್ವಂತ ಬಸ್ಸು ಇರುವವರು ಒಂದು ದಿನಕ್ಕೆ ಬಿಟ್ಟುಕೊಟ್ಟರೂ ಆಗುತ್ತೆ. ಗಿಡ, ಹಕ್ಕಿ ಗುರುತು ಹಿಡಿಯಬಲ್ಲವರು ನಮ್ಮ ಜೊತೆ ಬಂದರೆ ಇನ್ನೂ ಸಂತೋಷ.

ಉತ್ತರೆ, ಹಸ್ತ ಮಳೆ ಹಿಡಿದಾಗಲೇ ಹೊರಡಬೇಕು. ಬಸ್ಸಿನವರು ಮುಂಗಡ ಕೇಳಿದ್ದಾರೆ, ಅದಕ್ಕೇ ದಯವಿಟ್ಟು ಈ ವಾರದಲ್ಲೇ ಕೊಡಿ.