ಗಿಡಕ್ಕೆ ಗೊತ್ತಾಗುತ್ತಾ?

ಮಡಿಕೇರಿ
ಸೆಪ್ಟೆಂಬರ್ 8

ಪ್ರೀತಿಯ ಪುಟ್ಟಾ,

ಕೈಲ್ ಮುಹೂರ್ತಕ್ಕೆ ನಿಮ್ಮ ಮನೆಗೆ ಬಂದು ಹೋದಾಗಿನಿಂದ ನಿನ್ನದೇ ಯೋಚನೆ. ಫೋನಿನಲ್ಲಿ ಹೇಳೋಣ ಎಂದರೆ ಮಾತು ಅರ್ಧದಲ್ಲೇ ನಿಲ್ಲುತ್ತದೆ, ನಿನಗೆ ಇನ್ನೊಂದು ಕಾಲ್ ಬಂದಿರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೂತು ಓದು ಮಗಾ.

ಹಬ್ಬದ ದಿನ ಊಟ ಆದ ಮೇಲೆ ನಾನೊಬ್ಬಳೇ ಕಣದ ಕೆಳಗಿನ ಅರೇಬಿಕಾ ಕಾಫಿ ಪಟ್ಟಿಗೆ ಇಳಿದೆ. ಮಳೆ ಬಿಟ್ಟಿತ್ತು. ನೆರಳು ತೆಳುವಾದ ಕಡೆ ಒಂದು ಗಿಡದ ಎಲೆ ಸ್ವಲ್ಪ ಹಳದಿ ತಿರುಗಿತ್ತು. ಬುಡದಲ್ಲಿ ಕೂತು ಕಾಂಡ ಸವರಿದೆ. ತೊಗಟೆಯ ಕೆಳಗೆ ಹುರಿ ಸುತ್ತಿದ ಹಾಗೆ ಒಂದು ಉಬ್ಬು ಬೆರಳಿಗೆ ಸಿಕ್ಕಿತು. ಬೋರರ್, ಕಾಂಡ ಕೊರೆಯುವ ಹುಳ. ಅದೇ ಸಾಲಿನಲ್ಲಿ ಹುಡುಕಿದರೆ ಇನ್ನೂ ನಾಲ್ಕು ಗಿಡ. ಆವತ್ತು ಹೇಳಲಿಲ್ಲ. ಮನೆ ತುಂಬ ನೆಂಟರಿದ್ದರು, ನಿನ್ನ ಮುಖ ಮೊದಲೇ ಬಾಡಿತ್ತು.

ನೀನು ಸೋಮಾರಿಯಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಬೆಳಿಗ್ಗೆ ಐದಕ್ಕೆ ಏಳುತ್ತೀಯ, ರಾತ್ರಿ ಹನ್ನೊಂದಾದರೂ ಲ್ಯಾಪ್‌ಟಾಪ್ ಮುಚ್ಚುವುದಿಲ್ಲ. ಬೆಂಗಳೂರು ಬಿಟ್ಟು ಬಂದ ಈ ಮೂರು ವರ್ಷದಲ್ಲಿ ನೀನು ಒಂದು ದಿನ ಸುಮ್ನೆ ಕೂತಿದ್ದನ್ನು ನಾನು ಕಂಡಿಲ್ಲ. ಆದರೂ ಬೋರರ್ ಹಿಡಿದ ಗಿಡ ಕಣದಿಂದ ಐವತ್ತು ಹೆಜ್ಜೆಯಲ್ಲಿ ನಿಂತಿದೆ, ನಿನಗೆ ಗೊತ್ತಿಲ್ಲ. ನನಗೆ ಸಂಕಟ ಆಗಿದ್ದು ಅದಕ್ಕೆ.

ಇದ್ದ ಎರಡು ದಿನವೂ ನಿನ್ನನ್ನು ಗಮನಿಸಿದೆ. ಬೆಳಿಗ್ಗೆ ನ್ಯೂಯಾರ್ಕ್‌ನ ಅರೇಬಿಕಾ ರೇಟು, ಸಂಜೆ ಲಂಡನ್ನಿನ ರೊಬಸ್ಟಾ ರೇಟು, ನಡುವೆ ಐದಾರು ವಾಟ್ಸಾಪ್ ಗ್ರೂಪಿನಲ್ಲಿ ಅದರದೇ ಮಾತು. ಹೋದ ಸಲದ ಮೂಟೆ ಎಲ್ಲ ಮಾರಿ ಆಯ್ತು. ಹೊಸ ಹಣ್ಣು ಕೈಗೆ ಬರಲು ಇನ್ನೂ ಎರಡು ಮೂರು ತಿಂಗಳು ಬೇಕು. ಇವತ್ತು ರೇಟು ಏರಿದರೂ ಇಳಿದರೂ ನೀನು ಮಾಡುವುದೇನಿದೆ? ಮಾರುವ ಹೊತ್ತಿಗೆ ದಿನಕ್ಕೆ ಹತ್ತು ಸಲ ನೋಡು, ಬೇಡ ಅನ್ನುವುದಿಲ್ಲ. ಆಮೇಲೆ ಸ್ಪ್ರೇಯರಿನ ಒಂದು ವಾಷರ್‌ಗಾಗಿ ಜೀಪ್ ತೆಗೆದುಕೊಂಡು ಕುಶಾಲನಗರಕ್ಕೆ ಹೋದೆ. ಅರ್ಧ ದಿನ ಹೋಯಿತು. ಮೇಸ್ತ್ರಿ ಬರೆದ ಹಾಜರಿಯನ್ನೇ ರಾತ್ರಿ ಮತ್ತೆ ಕಂಪ್ಯೂಟರಿಗೆ ಏರಿಸಿದೆ. ಮೀನಿನ ಕೆರೆ, ಬೆಣ್ಣೆಹಣ್ಣಿನ ಸಸಿ, ಹೋಂಸ್ಟೇ ಪ್ಲಾನು, ಒಂದೊಂದೂ ಒಳ್ಳೆಯದೇ. ಆದರೆ ಎಲ್ಲವೂ ಒಂದೇ ವರ್ಷಕ್ಕೆ ಯಾಕೆ?

ಕೆಲಸ ಜಾಸ್ತಿ ಆದಾಗ ನೀನು ಬಿಟ್ಟಿದ್ದು ಯಾವುದು ಗೊತ್ತಾ? ತೋಟ ಸುತ್ತುವುದನ್ನು. ಫೋನು ಕೂಗುತ್ತದೆ, ಮೇಸ್ತ್ರಿ ಬಾಗಿಲಿಗೆ ಬಂದು ಕರೆಯುತ್ತಾನೆ, ಅಂಗಡಿಯವನು ಬಿಲ್ ಕಳಿಸುತ್ತಾನೆ. ಗಿಡ ಕೂಗುವುದಿಲ್ಲ ಪುಟ್ಟಾ. ಅದಕ್ಕೇ ಅದರ ಸರದಿ ಕೊನೆಗೆ ಹೋಯಿತು.

ಇದನ್ನು ನಾನು ಪೆಟ್ಟು ತಿಂದು ಕಲಿತವಳು. ನಿನ್ನ ದೊಡ್ಡಪ್ಪ ಹೋದ ಮರುವರ್ಷ ಎಲ್ಲವನ್ನೂ ನಾನೇ ನೋಡಬೇಕು ಎಂಬ ಹಟ ಹಿಡಿದಿದ್ದೆ. ನರ್ಸರಿ ನಾನೇ, ಆಳುಗಳ ಲೈನ್ ಮನೆ ರಿಪೇರಿ ನಾನೇ, ಬ್ಯಾಂಕು ನಾನೇ, ಕರೆದ ಮದುವೆಗಳಿಗೆಲ್ಲ ನಾನೇ. ಯಾರೂ 'ಗಂಡ ಇಲ್ಲದ ಮನೆ, ಹಿಂದೆ ಬಿತ್ತು' ಅನ್ನಬಾರದಲ್ಲ. ಸೆಪ್ಟೆಂಬರಿನಲ್ಲಿ ಬೋರರ್ ಗಿಡ ಗುರುತು ಮಾಡುವ ಕೆಲಸ ಇವತ್ತು ನಾಳೆ ಎನ್ನುತ್ತ ಹೋಯಿತು. ಅಕ್ಟೋಬರಿನಿಂದ ದುಂಬಿ ಹೊರಗೆ ಬರುತ್ತವೆ, ಬಿಸಿಲು ಬೀಳುವ ಕಾಂಡ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತವೆ. ಅಷ್ಟರೊಳಗೆ ಕಿತ್ತು ಸುಟ್ಟರೆ ಹತ್ತು ಗಿಡದಲ್ಲಿ ಮುಗಿಯುತ್ತದೆ. ನಾನು ಬಿಟ್ಟೆ. ಮುಂದಿನ ವರ್ಷ ಮುನ್ನೂರು ಗಿಡ ಕೀಳಿಸಿದೆ. ಒಂದನ್ನು ಕತ್ತಿಯಿಂದ ಸೀಳಿ ನೋಡಿದೆ. ಒಳಗೆಲ್ಲ ಸುರಂಗ, ಅದರ ತುಂಬ ಗಟ್ಟಿಯಾಗಿ ತುರುಕಿದ ಹುಡಿ, ತುದಿಯಲ್ಲಿ ಬೆಳ್ಳಗಿನ ಹುಳ. ನಿನ್ನ ದೊಡ್ಡಪ್ಪ ಕೈಯಾರೆ ನೆಟ್ಟ ಗಿಡಗಳು. ಉರಿಯುವಾಗ ಆ ಹೊಗೆಯಲ್ಲಿ ನಿಲ್ಲಲು ನನಗೆ ಆಗಲಿಲ್ಲ. ಹೊಸ ಸಸಿ ಇಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಬೇಕು. ನಾನು ಹೋಗಿ ಬಂದ ಆ ಮದುವೆಗಳಲ್ಲಿ ಅರ್ಧದಷ್ಟು ಯಾರದ್ದು ಅಂತ ಈಗ ನೆನಪೂ ಇಲ್ಲ.

ಆಮೇಲೆ ನಾನು ಒಂದು ಪ್ರಶ್ನೆ ಇಟ್ಟುಕೊಂಡೆ. ಯಾವ ಕೆಲಸ ಬಂದರೂ, ಇದನ್ನು ಬಿಟ್ಟರೆ ಗಿಡಕ್ಕೆ ಗೊತ್ತಾಗುತ್ತಾ? ಗೊತ್ತಾಗುತ್ತದೆ ಅಂದರೆ ಇವತ್ತೇ. ಇಲ್ಲ ಅಂದರೆ ಬೇರೆ ಯಾರಾದರೂ ಮಾಡಲಿ, ಇಲ್ಲದಿದ್ದರೆ ಆಗದೇ ಇರಲಿ. ನೀನೂ ಎಂಟು ದಿನ ಒಂದು ನೋಟ್‌ಬುಕ್‌ನಲ್ಲಿ ಮಾಡಿದ್ದನ್ನೆಲ್ಲ ಬರಿ, ಸಣ್ಣದೂ ದೊಡ್ಡದೂ. ಒಂಬತ್ತನೇ ದಿನ ಈ ಪ್ರಶ್ನೆ ಕೇಳಿ ಗೀಟು ಹಾಕುತ್ತಾ ಹೋಗು. ಗೀಟು ಹಾಕುವಾಗ ಕೈ ಹಿಂಜರಿಯುತ್ತದೆ, ನನಗೂ ಹಾಗೇ ಆಗಿತ್ತು. ಗಿಡದ ಸಾರ ಸುಮ್ಮನೆ ಹೀರುವ ಕಂಬಚಿಗುರು ತೆಗೆಯಲು ಮೊದಲ ಸಲ ಬಂದ ಆಳುಗಳನ್ನು ನೋಡಿದ್ದೀಯಲ್ಲ? ಗಿಡದಲ್ಲಿ ಎಲ್ಲಕ್ಕಿಂತ ಹಸಿರಾಗಿ ನೆಟ್ಟಗೆ ನಿಂತಿರುವುದು ಅದೇ, ಮುರಿಯಲು ಮನಸ್ಸು ಬರುವುದಿಲ್ಲ. ಎಳೆಯದಿದ್ದಾಗ ಬೆರಳಲ್ಲೇ ಮುರಿಯುತ್ತದೆ. ಬಲಿತರೆ ಕತ್ತಿ ಬೇಕು. ತೆಗೆದ ಜಾಗದಲ್ಲೇ ಮತ್ತೆ ಬರುತ್ತದೆ, ಮತ್ತೆ ತೆಗೆಯಬೇಕು. ಅದಕ್ಕೆ ಈ ನೋಟ್‌ಬುಕ್ ಒಂದೇ ಸಲಕ್ಕೆ ಸಾಲದು. ಮಳೆ ಮುಗಿದಾಗ ಒಂದು ಸಲ, ಕೊಯ್ಲು ಮುಗಿದಾಗ ಒಂದು ಸಲ ಬರಿ.

ಜನಕ್ಕೆ 'ಆಗುವುದಿಲ್ಲ' ಅನ್ನುವುದು ನಿನಗೆ ಕಷ್ಟ, ಗೊತ್ತು. ಹಿಂದಿನವರು ಕಕ್ಕಡ ತಿಂಗಳಲ್ಲಿ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮದುವೆ ಮುಂಜಿ ಇಡುತ್ತಿರಲಿಲ್ಲ. ಒಳ್ಳೆಯ ತಿಂಗಳಲ್ಲ ಅನ್ನುತ್ತಿದ್ದರು. ನನ್ನ ಅತ್ತೆ ಮಾತ್ರ ಬೇರೆ ಹೇಳುತ್ತಿದ್ದರು. ಜಡಿಮಳೆಯಲ್ಲಿ ಊರೆಲ್ಲ ನಾಟಿ ಗದ್ದೆಯ ಕೆಸರಿನಲ್ಲಿರುವಾಗ ಚಪ್ಪರಕ್ಕೆ ಬರುವವರು ಯಾರು ಅಂತ. ಕಕ್ಕಡದ 18ನೇ ದಿನ ಮದ್ದುಸೊಪ್ಪಿನ ಪಾಯಸ ತಿಂದು ಮತ್ತೆ ಗದ್ದೆಗೆ ಇಳಿಯುತ್ತಿದ್ದರು. ನಾಟಿ ಮುಗಿದ ಮೇಲೆಯೇ ಕೈಲ್ ಮುಹೂರ್ತ. ಒಬ್ಬೊಬ್ಬರೇ ಇಲ್ಲ ಎಂದು ಹೇಳಿ ನಿಷ್ಠುರ ಆಗಬೇಕಾಗಿರಲಿಲ್ಲ, ಊರೇ ಒಟ್ಟಿಗೆ ಹೇಳಿಬಿಟ್ಟಿತ್ತು. ನಿನಗೆ ಆ ಅನುಕೂಲ ಇಲ್ಲ ಮಗಾ. ನಿನ್ನ ಕಕ್ಕಡ ಯಾವಾಗ ಅಂತ ನೀನೇ ಹೇಳಬೇಕು. ಈ ಸೆಪ್ಟೆಂಬರ್ ಒಂದು, ಕೊಯ್ಲಿನ ತಿಂಗಳುಗಳು, ಹೂಮಳೆಯ ಹೊತ್ತು. ಆಗ ಯಾರು ಕರೆದರೂ ಮುಂದಿನ ತಿಂಗಳು ಬರುತ್ತೇನೆ ಎನ್ನು. ಬೇಜಾರಾದರೆ ನನ್ನ ಹೆಸರು ಹೇಳು, ದೊಡ್ಡಮ್ಮ ಬಿಡಲಿಲ್ಲ ಅಂತ.

ಗೀಟು ಹಾಕುವಾಗ ಒಂದಕ್ಕೆ ಮಾತ್ರ ಕೈ ಹಾಕಬೇಡ. ಸಂಜೆ ಜಗಲಿಯಲ್ಲಿ ಅಮ್ಮನ ಜೊತೆ ಕೂತು ಕಾಫಿ ಕುಡಿಯುವುದನ್ನು ಬಿಟ್ಟಿದ್ದೀಯಂತೆ. ಅವಳು ನನ್ನ ಹತ್ತಿರ ದೂರು ಹೇಳಲಿಲ್ಲ. ಎರಡು ಲೋಟ ಜೋಡಿಸಿದಳು, ಆಮೇಲೆ ಒಂದನ್ನು ಮತ್ತೆ ಸ್ಟ್ಯಾಂಡಿಗೆ ಇಟ್ಟಳು. ನಾನು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಇದು ಗಿಡಕ್ಕೆ ಗೊತ್ತಾಗುವುದಿಲ್ಲ, ಅಮ್ಮನಿಗೆ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ಕಣದ ಕೆಳಗಿನ ಪಟ್ಟಿಯಿಂದ ಶುರು ಮಾಡೋಣ, ಸಾಲು ಬಿಡದೆ. ಸೆಪ್ಟೆಂಬರ್ ಕಳೆಯುವ ಮುಂಚೆ ಎಲ್ಲ ಪಟ್ಟಿಯೂ ಮುಗಿಯಬೇಕು. ಇಬ್ಬರು ಆಳುಗಳಿಗೆ ಹೇಳಿಡು. ಗುರುತಿಗೆ ಕಟ್ಟಲು ಕೆಂಪು ಬಟ್ಟೆ ನಾನೇ ಹರಿದು ತರುತ್ತೇನೆ, ಅದಕ್ಕಾಗಿ ಪೇಟೆಗೆ ಹೋಗಬೇಡ. ಫೋನು ಅಮ್ಮನ ಹತ್ತಿರ ಕೊಟ್ಟು ಬಾ.

ನಿನ್ನ
ದೊಡ್ಡಮ್ಮ